ಫೋಟೊದಾಗ ಬಾರದ ಕಾಲುಂಗುರ

ಬೀಗ ಹಾಕಿದ್ದು ಹಾಕಿದಂತೆಯೇ ಇತ್ತು. ಒಳಗಿನ ಚೀಲ ಮಾತ್ರ ಇರಲಿಲ್ಲ.

ರೂಪಾಲಿ ಸಿಮೆಂಟು ಇಡುವ ಕೋಣೆಯ ತಗಡಿನ ಬಾಗಿಲನ್ನು ಪೂರ್ತಿ ತೆರೆದು, ಬೆಳಕು ಒಳಗೆ ಬೀಳಲೆಂದು ಪಕ್ಕಕ್ಕೆ ಸರಿದು ನಿಂತಳು. ಸಿಮೆಂಟಿನ ಚೀಲಗಳು — ಇದ್ದವು. ಡಬ್ಬಿ ಕೂಡ ಒಡೆಯದ ಹೊಸ ನೀರಿನ ಮೋಟಾರು — ಇತ್ತು. ತಾಮ್ರದ ವಾಯರಿನ ಸುರುಳಿ — ಇತ್ತು. ಗೌಂಡಿ ವಿಕ್ರಾಂತನ ಗೋಣಿಚೀಲ ಒಂದೇ ಹೋಗಿತ್ತು. ಅದರಲ್ಲಿದ್ದದ್ದು ಒಂದು ದೊಡ್ಡ ಸುತ್ತಿಗೆ, ಎರಡು ಹಾರೆ, ಮೊಳೆ ಕೀಳುವ ಒಂದು ಕಬ್ಬಿಣ.

ಹೊಸ ಮೋಟಾರು ಬಿಟ್ಟು ಹಳೆಯ ಸುತ್ತಿಗೆ ಒಯ್ಯುವ ಕಳ್ಳ ಎಂಥವನು?

ನಾನು ಮಲಕಾರಿ. ಉಗಾರ ಖುರ್ದದಲ್ಲಿ ಸಕ್ಕರೆ ಕಾರ್ಖಾನೆಯ ಗೇಟು ಕಾದು ಮುದುಕನಾದವನು. ಮೂರನೇ ಇಯತ್ತೆಗೆ ಶಾಲೆ ಬಿಟ್ಟೆ. ಆದರೆ ಗೇಟಿನಲ್ಲಿ ಯಾವ ದಿನ ಯಾವ ಗಾಡಿ ಬಂತು, ಯಾರು ಏನು ಹೇಳಿದರು ಅನ್ನುವುದು ಇವತ್ತಿಗೂ ತಲೆಯಲ್ಲಿ ಹಾಗೆಯೇ ಕೂತಿದೆ. ಆ ಮುಂಜಾನೆ ನನ್ನ ಪಕ್ಕದಲ್ಲಿ ನಿಂತಿದ್ದವನು ನನ್ನ ಗೆಳೆಯ ದಾದಾಸಾಬ. ಒಂದು ಕಾಲಕ್ಕೆ ದೊಡ್ಡ ಗೌಂಡಿ. ಈ ಊರಿನ ಎಷ್ಟೋ ಗೋಡೆಗಳನ್ನು ಎಬ್ಬಿಸಿದ್ದು ಅವನ ಕೈ. ಈಗ ಕಣ್ಣು ಮಸುಕಾಗಿವೆ. ನಾನು ಕಂಡದ್ದನ್ನು ಹೇಳುತ್ತೇನೆ, ಅದರ ಅರ್ಥ ಅವನು ಹೇಳುತ್ತಾನೆ. ನಮ್ಮಿಬ್ಬರ ಸಂಸಾರ ಹೀಗೆ ನಡೆದಿದೆ.

ರೂಪಾಲಿ ನಮ್ಮನ್ನು ಕರೆಸಿದ್ದು ಕಳವು ನೋಡಲಿಕ್ಕಲ್ಲ. ಅವತ್ತು ಅವಳ ಹೊಸ ಮನೆಯ ಗ್ಯಾಲರಿಯ ಕೆಳಗೆ ಕಾಂಕ್ರೀಟು ಗಟ್ಟಿಯಾಗುವ ತನಕ ಕೊಟ್ಟ ಆಸರೆ ಕಂಬಗಳನ್ನು ಬಿಚ್ಚುವ ದಿನ. ಮನೆಯ ಒಳಗಿನವು ಹೋದ ವಾರವೇ ಬಿಚ್ಚಿಯಾಗಿತ್ತು. ಗ್ಯಾಲರಿ ಗೋಡೆಯಿಂದ ನಾಲ್ಕು ಫೂಟು ಹೊರಗೆ ಚಾಚಿ ನಿಂತದ್ದು, ಕೆಳಗೆ ತನ್ನದೆಂಬ ಕಂಬವಿಲ್ಲ. ಅದಕ್ಕೇ ಅದನ್ನು ಕೊನೆಗೆ ಉಳಿಸಿದ್ದರು. ಹಿರಿಯ ಗೌಂಡಿ ಎದುರಿಗಿರಲಿ ಎಂದು ಅವಳಿಗೆ ಆಸೆ.

ಹೊಳೆಯ ಮಹಾಪೂರದ ವರ್ಷ ಅವರ ಹಳೆಯ ಮಣ್ಣಿನ ಮನೆ ಬಿದ್ದಿತ್ತು. ಅಂದಿನಿಂದ ಅತ್ತೆ, ಮಾವ, ಗಂಡನೊಂದಿಗೆ ತಗಡಿನ ಶೆಡ್ಡಿನಲ್ಲಿ ಬಾಳುವೆ. ಗಂಡ ಭರತನಿಗೆ ಕಬ್ಬಿನ ಹಂಗಾಮಿನಲ್ಲಿ ಕಾರ್ಖಾನೆ ಬಿಟ್ಟರೆ ನಿದ್ದೆ, ನಿದ್ದೆ ಬಿಟ್ಟರೆ ಕಾರ್ಖಾನೆ. ಹಾಗಾಗಿ ಮನೆ ಕಟ್ಟಿಸುವ ಹೊಣೆಯನ್ನು ರೂಪಾಲಿಯೇ ತಲೆಯ ಮೇಲೆ ಹೊತ್ತಳು. ಗುತ್ತಿಗೆದಾರನಿಲ್ಲ. ಉಸುಕನ್ನು ಅಂಗೈಯಲ್ಲಿ ತಿಕ್ಕಿ ಮಣ್ಣು ಎಷ್ಟಿದೆ ನೋಡುವವಳು ಅವಳೇ, ಇಟ್ಟಿಗೆ ಒಂದಕ್ಕೊಂದು ಬಡಿದು ದನಿ ಕೇಳುವವಳು ಅವಳೇ. ಗೋಡೆಯ ಮೇಲೆ ಇದ್ದಿಲಿನಿಂದ ತಾರೀಖು ಬರೆದಿದ್ದಳು: ಸ್ಲ್ಯಾಬ್ ಹಾಕಿದ ದಿನ, ಏಳು, ಹದಿನಾಲ್ಕು, ಇಪ್ಪತ್ತೊಂದು. ಒಮ್ಮೆ ದಾದಾಸಾಬನಿಗೆ ಹೇಳಿದ್ದಳು, “ಗುತ್ತಿಗಿ ಕೊಟ್ಟಿದ್ರ ಬೈಯಾಕ ಒಬ್ಬಾಂವ ಇರ್ತಿದ್ದ ಕಾಕಾ. ಈಗ ಏನ ಕೆಟ್ರೂ ನನಗ ನಾನ ಬೈಕೋಬೇಕು.”

ಈಗ ಅಂಥದೊಂದು ಕೆಟ್ಟಿತ್ತು.

ವಿಕ್ರಾಂತನಿಗೆ ಸಿಟ್ಟು. ಅವನಿಗೆ ಸತ್ತಿ ಊರಿನಲ್ಲಿ ಇನ್ನೊಂದು ಸ್ಲ್ಯಾಬಿನ ಕೆಲಸವಿತ್ತು. ಇಲ್ಲಿಯ ತಗಡು, ಕಂಬ ಅಲ್ಲಿಗೆ ಬೇಕಿತ್ತು. ಕಳ್ಳ ಯಾರೆಂದು ಕೇಳುವುದೇ ಬೇಡ ಎಂದ. ಸ್ಲ್ಯಾಬಿಗೆ ನೀರು ಹೊಡೆದು, ಈ ಕೋಣೆಯಲ್ಲೇ ಮಲಗಿ ಕಾವಲು ಮಾಡುವ ಮಾಳೇಶ ನಿನ್ನೆ ನಾಲ್ಕು ಗಂಟೆಯ ಬಸ್ಸಿಗೆ ಕೊಕಟನೂರಿಗೆ ಹೋಗಿದ್ದ, ಎಲ್ಲವ್ವನ ದರ್ಶನಕ್ಕೆ. ಹೋದವನು ಬಂದಿರಲಿಲ್ಲ.

“ಕಾವಲು ಇದ್ದಾಂವನ ಒಯ್ದಾನ್ರಿ,” ಎಂದ ವಿಕ್ರಾಂತ. “ಕೆಲಸ ಲಗೂ ಮುಗಿದ್ರ ಅಂವನ ಪಗಾರ ನಿಂತೀತು. ಅದಕ್ಕ.”

ರೂಪಾಲಿ ಬೀಗವನ್ನು ಕೈಯಲ್ಲಿ ತಿರುಗಿಸಿ ನೋಡಿದಳು. ಮಾಳೇಶ ಇಪ್ಪತ್ತೊಂದು ದಿನ ಸ್ಲ್ಯಾಬಿನ ಮೇಲಿನ ನೀರು ಆರಗೊಡದವನು. ಆದರೂ ಬೀಗ ಒಡೆದಿರಲಿಲ್ಲ. ಬೀಗ ಹಾಕಿ ಹೋದವನು ಅವನೇ. ಕೊನೆಗೆ ನೆಲ ನೋಡುತ್ತ ಹೇಳಿದಳು, ಇನ್ನು ಬರುವುದು ಬೇಡವೆಂದು ಅವನಿಗೆ ಫೋನ್ ಮಾಡಿ ತಿಳಿಸು ಎಂದು. ವಿಕ್ರಾಂತ ಅಲ್ಲಿಯೇ ಮಾಡಿದ. ಆ ಕಡೆಯಿಂದ ಮಾಳೇಶ “ಆಗಲಿರಿ” ಎಂದನಂತೆ. ಯಾಕೆ ಎಂದು ಸಹ ಕೇಳಲಿಲ್ಲವಂತೆ.

ಸತ್ತಿಯಿಂದ ಬೇರೆ ಸಾಮಾನು ತಂದು ನಾಳೆ ಎಂಟಕ್ಕೆ ಬಿಚ್ಚುತ್ತೇನೆ ಎಂದು ಹೇಳಿ ವಿಕ್ರಾಂತ ಗಾಡಿ ಹತ್ತಿದ.

ಗಾಡಿಯ ಸಪ್ಪಳ ದೂರಾದ ಮೇಲೆ ದಾದಾಸಾಬ ಕೇಳಿದ.

“ತಂಗಿ, ಈ ಬೀಗಕ್ಕ ಕೀಲಿ ಎಷ್ಟ?”

“ಎರಡು ಕಾಕಾ. ಒಂದು ನನ್ನ ಸೊಂಟದಾಗ. ಇನ್ನೊಂದು ಶೆಡ್ಡಿನ್ಯಾಗ, ಬಾಗಲದ ಹಿಂದಿನ ಮೊಳಿಗಿ.”

“ಮಾಳೇಶ ಹೋಗುಮುಂದ ತನ್ನ ಕೈಯಾಗಿನ ಕೀಲಿ ಎಲ್ಲಿಟ್ಟ?”

“ಅದ ಮೊಳಿಗೇ ಹಾಕಿ ಹೋಗ್ಯಾನ. ಈಗೂ ಅಲ್ಲೇ ಐತಿ.”

“ನಿನ್ನಿ ಸಂಜಿಮುಂದ ನೀ ಎಲ್ಲಿದ್ದಿ?”

“ಕಾಗವಾಡಕ್ಕ. ಕಿಟಕಿ ನೋಡಾಕ ಹೋಗಿದ್ದೆ. ಬರೂದ್ರಾಗ ದೀಪ ಹಚ್ಚಿದ್ರು.”

ಅವನು ತಲೆಯಾಡಿಸಿ ನನ್ನ ಕೈ ಹಿಡಿದು ಗ್ಯಾಲರಿಯ ಕೆಳಗೆ ನಡೆದ. ದಾರಿಯಲ್ಲಿ ನನಗೆ ಮಾತ್ರ ಕೇಳುವಂತೆ, “ಕಳ್ಳ ಏನ ಒಯ್ದ ಅಂತ ಕೇಳಬ್ಯಾಡ ಮಲಕಾರಿ. ಅದನ್ನ ಒಯ್ದದ್ದಕ್ಕ ಯಾವ ಕೆಲಸ ನಿಂತತು ಅನ್ನೂದನ್ನ ಕೇಳು,” ಎಂದ.

ನಿಂತ ಕೆಲಸ ಒಂದೇ. ಗ್ಯಾಲರಿಯ ಕಂಬ ಬಿಚ್ಚುವುದು.

“ಹಂಗಾದ್ರ ಮಾಳೇಶ ಅಂತಿಯೇನು?”

“ಏನ ಕಾಣತೈತಿ, ಮೊದಲ ಅದನ್ನ ಹೇಳು.”

ನಾನು ನೋಡಿದೆ. ಆರು ಕಂಬ, ನೆಟ್ಟಗಿದ್ದವು. ಕಂಬಗಳ ನಡುವೆ ಆಡಿನ ಹಿಕ್ಕೆ ಒಣಗಿ ಬಿದ್ದಿದ್ದವು, ಹಳೆಯವು. ಆಡು ಕಟ್ಟುವ ಗೂಟ ಕಿತ್ತ ಗುರುತಿತ್ತು. ಗೂಟ ಈಗ ದೂರ ಜಾಲಿ ಗಿಡದ ಬುಡದಲ್ಲಿ. ಗ್ಯಾಲರಿಯ ನೆರಳು ಮುಗಿಯುವಲ್ಲಿ, ಉಸುಕಿನಲ್ಲಿ, ನಾಲ್ಕು ಗುಂಡಿ, ಆಳವಾಗಿ ಒತ್ತಿದ್ದು.

“ಕುರ್ಚಿ ಕಾಲು,” ಎಂದ ದಾದಾಸಾಬ, ಬಗ್ಗಿ ಬೆರಳಿಟ್ಟು ನೋಡಿ. “ಬಾಳ ದಿವಸ ಒಂದ ಜಾಗದಾಗ ಕುಂತಾರ. ಯಾರು?”

ಅದು ನನಗೆ ಗೊತ್ತಿತ್ತು. ರೂಪಾಲಿಯ ಮಾವ ರಾವಸಾಹೇಬ. ನಮ್ಮ ಓರಗೆಯವನು. ದಿನಾ ನಮ್ಮ ಜೊತೆ ಬೇವಿನ ಕಟ್ಟೆಗೆ ಬರುತ್ತಿದ್ದವನು ಮೂರು ವಾರದಿಂದ ಬಂದಿರಲಿಲ್ಲ. ಯಾಕೆ ಎಂದರೆ ಮನೆ ಕೆಲಸ ನೋಡಬೇಕು ಎನ್ನುತ್ತಿದ್ದ. ನೆರಳಿನಲ್ಲಿ ಕೂತಿದ್ದರೆ ಸರಿ. ಇವನು ನೆರಳಿನ ಅಂಚಿಗೆ, ಬಿಸಿಲಿಗೆ ಕೂತಿದ್ದ. ಯಾರಾದರೂ ಕಂಬದ ನಡುವೆ ಕೂಡಲಿಕ್ಕೆ ಬಂದರೆ ಎಬ್ಬಿಸಿ ಕಳಿಸುತ್ತಿದ್ದ ಎಂದು ರೂಪಾಲಿ ಹೇಳಿದಳು. ಆಡಿನ ಗೂಟ ಕಿತ್ತವನೂ ಅವನೇ.

ಆಗ ನನಗೆ ಇನ್ನೊಂದು ನೆನಪಾಯಿತು. ನಾಲ್ಕು ದಿನದ ಹಿಂದೆ ವಿಕ್ರಾಂತ ಕಂಬ ಬಿಚ್ಚಲಿಕ್ಕೆ ಅವಸರ ಮಾಡಿದಾಗ, ಅಮಾಸಿ ಐತಿ, ಇವತ್ತು ಕೈ ಹಚ್ಚಬ್ಯಾಡ್ರಿ ಎಂದು ತಡೆದವನು ಇದೇ ರಾವಸಾಹೇಬ. ನಾನು ಅವನನ್ನು ಐವತ್ತು ವರ್ಷದಿಂದ ಬಲ್ಲೆ. ಮೊದಲ ಎತ್ತಿನ ಜೋಡಿ ಅವನು ಕೊಂಡದ್ದು ಅಮಾವಾಸ್ಯೆಯ ದಿನ. ಬಾವಿಗೆ ಮೊದಲ ಗುದ್ದಲಿ ಹಾಕಿದ್ದು ಅಮಾವಾಸ್ಯೆಯ ದಿನ. ಅವನ ತಾಯಿ ಬೈದರೆ ನಕ್ಕವನು.

ದಾದಾಸಾಬನಿಗೆ ಅದನ್ನು ಹೇಳಿದೆ. ಅವನ ಮುಖ ಸಣ್ಣದಾಯಿತು.

ಶೆಡ್ಡಿನಲ್ಲಿ ಅತ್ತೆ ಗೌರಾಬಾಯಿ ಚಹಾ ಇಟ್ಟಿದ್ದಳು. ಮಾತು ನಿಲ್ಲದ ಹೆಂಗಸು. ಕಳವಿನ ದುಃಖಕ್ಕಿಂತ ಅವಳ ಹಳೆಯ ದುಃಖ ದೊಡ್ಡದಿತ್ತು. ಸ್ಲ್ಯಾಬ್ ಹಾಕಿದ ದಿನ ಗ್ಯಾಲರಿಯ ಮೂಲೆಯಲ್ಲಿ ಪೂಜೆ ಆಯಿತಂತೆ. ನಮ್ಮ ಕಡೆ ಪದ್ಧತಿ ಹಾಗೆಯೇ. ಕಾಂಕ್ರೀಟು ಬೀಳುವ ಮೊದಲು ಕಬ್ಬಿಣದ ಸಳಿಗಳ ಮೇಲೆ ತಂಬಿಗೆ, ತೆಂಗಿನಕಾಯಿ ಇಟ್ಟು ಕೈಮುಗಿಯುತ್ತಾರೆ. ಬಂಧುಗಳು, ಮನೆಯವರು ಸೇರಿ ಹನ್ನೊಂದು ಮಂದಿ ಇದ್ದರು. ಪೂಜೆ ಮುಗಿದ ಮೇಲೆ ಎಲ್ಲರೂ ಗ್ಯಾಲರಿಯ ಅಂಚಿಗೆ ಸಾಲಾಗಿ ನಿಂತರು. ಎದುರುಮನೆಯವರು ತಮ್ಮ ಮಾಳಿಗೆಯಿಂದ ಫೋಟೊ ತೆಗೆದರು.

“ಅವತ್ತಿಗಂತನ ಹೊಸಾ ಕಾಲುಂಗುರ ಹಾಕ್ಕೊಂಡಿದ್ದೆರಿ ದಾದಾಸಾಬಭಾವು,” ಎಂದಳು ಗೌರಾಬಾಯಿ. “ಮುಂದಿನ ಸಾಲಿನ್ಯಾಗ, ಅಂಚಿಗೇ ನಿಂತೀನಿ. ಎಲ್ಲಾ ಬಂದೈತಿ. ಕಾಲುಂಗುರ ಬಂದಿಲ್ಲ.”

“ನಿನ್ನ ಕಾಲ ಯಾರ ನೋಡತಾರತ್ತಿ,” ಎಂದಳು ರೂಪಾಲಿ, ಆ ದಿನ ಮೊದಲ ಸಲ ತುಸು ನಕ್ಕು.

“ನೀ ಸುಮ್ಮನಿರಬೇ. ನಲವತ್ತ ವರ್ಷದ ಮ್ಯಾಲ ಕೊಡಿಸ್ಯಾರ ನಿಮ್ಮ ಮಾವ. ಅವರಿಗೂ ಕೆಟ್ಟನಿಸೈತಿ. ದೊಡ್ಡದ ಮಾಡಿಸಿ ಕಟ್ಟ ಹಾಕಿಸಿದ ಫೋಟೊ — ಗೋಡಿಗಿ ಹಾಕಿದ ಮರುದಿನ ತಗದು ಟ್ರಂಕಿನ್ಯಾಗ ಇಟ್ಟಾರ. ನನ್ನ ಸಲುವಾಗಿ.”

ದಾದಾಸಾಬನ ಕೈಯಲ್ಲಿದ್ದ ಚಹಾದ ಬಸಿ ಅಲ್ಲಿಯೇ ನಿಂತಿತು.

“ವೈನಿ, ಆ ಫೋಟೊ ತರ್ರಿ,” ಎಂದು ಗೌರಾಬಾಯಿಗೆ ಹೇಳಿದ.

ಟ್ರಂಕಿನಿಂದ ಬಂತು. ಅವನು ನನ್ನ ಮುಂದೆ ಸರಿಸಿದ. “ನನ್ನ ಕಣ್ಣು ನೀನ ಅಲ್ಲೇನು. ಹೇಳು. ಗ್ಯಾಲರಿ ಅಂಚಿಗೆ ನಿಲ್ಲಿಸಿದ ಹಲಗಿ ಕಾಣತೈತಿ?”

“ಕಾಣತೈತಿ. ಗೇಣಿಗಿಂತ ಕಡಿಮಿ ಎತ್ತರ.”

“ವೈನಿ ಪಾದ?”

“ಹಲಗಿ ಹಿಂದ ಹೋಗ್ಯಾವ. ಹಿಮ್ಮಡ ಗಂಟಿನ ತನಕ ಏನೂ ಕಾಣೂದಿಲ್ಲ.”

“ಉಳಿದವರದು?”

ನೋಡಿದೆ. ಮುಂದಿನ ಸಾಲಿನ ಐವರಲ್ಲಿ ಒಬ್ಬರ ಬೆರಳೂ ಇರಲಿಲ್ಲ. ನಡುವೆ ರಾವಸಾಹೇಬ, ಹೊಸ ರುಮಾಲು, ನಗುಮುಖ. ಅವನ ಪಾದವೂ ಇಲ್ಲ.

“ತಂಗಿ, ಇದರ ಮುಂಚಿನ ಫೋಟೊ ಒಂದ ಇದ್ದೀತೇನು? ಮಂದಿ ಹತ್ತೂಕಿಂತ ಮೊದಲಿಂದು?”

ರೂಪಾಲಿ ಮೊಬೈಲು ತೆಗೆದಳು. ಇತ್ತು. ಎದುರುಮನೆಯವರೇ ಕಳಿಸಿದ್ದು, ಅದೇ ಮಾಳಿಗೆಯಿಂದ ತೆಗೆದದ್ದು. ಬರೀ ಪೂಜೆಯ ತಂಬಿಗೆ, ಇನ್ನೂ ಯಾರೂ ಹತ್ತಿರಲಿಲ್ಲ. ಹಲಗೆಗಿಂತ ಮೇಲೆ ತಂಬಿಗೆ ಬುಡಸಹಿತ ಕಾಣುತ್ತಿತ್ತು. ಟ್ರಂಕಿನ ಫೋಟೊದಲ್ಲಿ ಅದೇ ಮೂಲೆಯಲ್ಲಿ ತಂಬಿಗೆಯ ಕೊರಳು ಮತ್ತು ಕಾಯಿ ಮಾತ್ರ.

ದಾದಾಸಾಬ ಬಸಿ ಕೆಳಗಿಟ್ಟ. ರೂಪಾಲಿಯನ್ನು ಮೆಲ್ಲಗೆ ಕೇಳಿದ, “ಅವಾಗ ನೀ ಎಲ್ಲಿದ್ದೀ ಮಗಳ?”

ಕಾಂಕ್ರೀಟು ಕೂರಿಸುವ ಯಂತ್ರ ಅದೇ ಹೊತ್ತಿಗೆ ಕೆಟ್ಟಿತ್ತಂತೆ. ಇನ್ನೊಂದು ತರಲಿಕ್ಕೆ ತಾನೇ ಗಾಡಿ ತೆಗೆದುಕೊಂಡು ಅಥಣಿಗೆ ಓಡಿದ್ದಳು. ವಿಕ್ರಾಂತ ಕೆಳಗೆ ಕಾಂಕ್ರೀಟಿನ ಮಾಲು ಕಲಸುವಲ್ಲಿ ಇದ್ದ. ಎಂಜಿನಿಯರ್ ಜಿನೇಂದ್ರ ಮುಂಜಾನೆಯೇ ಸಳಿ ನೋಡಿ, ಗ್ಯಾಲರಿಯ ಮೇಲೆ ಯಾರೂ ಕಾಲಿಡಬಾರದೆಂದು ಹೇಳಿ ಹೋಗಿದ್ದ.

“ಕಾಯಾಕ ಯಾರನ್ನ ಇಟ್ಟಿದ್ದಿ?”

“ಮಾವಾರನ್ನ,” ಎಂದಳು ರೂಪಾಲಿ. ಮೊಬೈಲನ್ನೂ ಫೋಟೊವನ್ನೂ ಮತ್ತೊಮ್ಮೆ ನೋಡಿದಳು.

ನಾನು ಆ ದಿನ ರಾಯಬಾಗದಲ್ಲಿ ಮಗಳ ಮನೆಯಲ್ಲಿದ್ದೆ, ದಾದಾಸಾಬನನ್ನೂ ಕರೆದುಕೊಂಡು ಹೋಗಿದ್ದೆ. ಇಲ್ಲದಿದ್ದರೆ ಅವನು ಇರುತ್ತಿದ್ದ. ಅದು ಈಗಲೂ ನನಗೆ ಚುಚ್ಚುತ್ತದೆ.

ಸಂಜೆ ಐದಕ್ಕೆ ವಿಕ್ರಾಂತ ಸತ್ತಿಯಿಂದ ಬಂದ, ಹೊಸ ಹಾರೆ ಹೆಗಲ ಮೇಲಿತ್ತು. ದಾದಾಸಾಬ ಎಲ್ಲರನ್ನೂ ಅಂಗಳದಲ್ಲಿ ಕೂಡಿಸಿದ್ದ. ರಾವಸಾಹೇಬ ತನ್ನ ಕುರ್ಚಿಯಲ್ಲಿ, ಗ್ಯಾಲರಿಯ ಅಂಚಿನಲ್ಲಿ. ಯಾರ ಕಡೆಗೂ ನೋಡುತ್ತಿರಲಿಲ್ಲ.

“ವಿಕ್ರಾಂತ, ಕೈ ಮುಂದ ಚಾಚಿ ನಿಲ್ಲು,” ಎಂದ ದಾದಾಸಾಬ. “ಅಂಗೈಯಾಗ ತುಂಬಿದ ಕೊಡ ಇಟ್ರ ಎಲ್ಲಿ ಹಿಡೀತೈತಿ?”

“ಹೆಗಲಿನ ಮ್ಯಾಲ.”

“ಚಾಚಿದ ಗ್ಯಾಲರಿನೂ ಹಂಗ. ಅದರ ಜೀವ ಇರೂದು ಮ್ಯಾಲಿನ ಮೈಯಾಗ. ಅದಕ್ಕ ಸಳಿ ಮ್ಯಾಲಿರಬೇಕು, ಕೆಳಗ ಸಣ್ಣ ಕಬ್ಬಿಣದ ಕಾಲು ಕೊಟ್ಟು ಎತ್ತಿ ಇಟ್ಟಿರತೀವಿ. ಆ ಸಳಿ ಮ್ಯಾಲ ಹನ್ನೊಂದ ಮಂದಿ ನಿಂತ್ರ?”

ವಿಕ್ರಾಂತ ಚಾಚಿದ ಕೈ ಇಳಿಸಿದ. “ಕಾಲು ಬಗ್ಗತಾವ. ಸಳಿ ತಳಕ್ಕ ಹೋಗತಾವ.” ಗ್ಯಾಲರಿ ಕಡೆ ನೋಡಿ, “ನಾ ಮ್ಯಾಲ ಬಂದಾಗ ಮಾಲು ಬೀಳಾಕತ್ತಿತ್ತು. ಎತ್ತಿ ನೋಡಲಿಲ್ಲ. ಅದು ನಂದ ತಪ್ಪು.”

“ಸಳಿ ಮ್ಯಾಲಿದ್ದಿದ್ರ ವೈನಿ ಪಾದ ಹಲಗಿ ಸಮ ಇರಬೇಕಿತ್ತು, ಕಾಲುಂಗುರ ಕಾಣಬೇಕಿತ್ತು. ಕಾಣಲಿಲ್ಲ. ಸಳಿ ಕುಸಿದಾವ, ಅವರ ಜೋಡಿ ಪಾದನೂ ಕುಸಿದಾವ. ತಂಬಿಗಿನೂ ಅದನ್ನ ಹೇಳತೈತಿ. ನಾಳಿ ಎಂಟಕ್ಕ ನೀ ಕಂಬ ಬಿಚ್ಚಿದ್ರ, ಒಂದಿಲ್ಲ ಒಂದ ದಿನ ಆ ಗ್ಯಾಲರಿ ಗ್ವಾಡಿ ಬಿಟ್ಟು ಬರತಿತ್ತು. ಕೆಳಗ ಯಾರಿರತಿದ್ರೋ, ಮ್ಯಾಲ ಯಾರಿರತಿದ್ರೋ.”

ದಾದಾಸಾಬ ಟ್ರಂಕಿನ ಫೋಟೊವನ್ನು ಎತ್ತಿ ಹಿಡಿದ.

“ಇದನ್ನ ಒಬ್ಬರು ಮೊದಲ ಕಂಡಾರ. ಫೋಟೊ ಗ್ವಾಡಿಗಿ ಹಾಕಿದ ದಿವಸ ಕಂಡಾರ. ಟ್ರಂಕಿನ್ಯಾಗ ಇಟ್ರು. ಆಡು ಸರಿಸಿದ್ರು. ನೆರಳಿಗಿ ಬಂದಾವರನ್ನ ಎಬ್ಬಿಸಿದ್ರು. ಇಲ್ಲದ ಅಮಾಸಿ ನೇಮ ಹೇಳಿದ್ರು. ಕಡೀಕ ಮೊಳಿ ಮ್ಯಾಲಿನ ಕೀಲಿ ತಗೊಂಡು ಸುತ್ತಿಗಿ ಮುಚ್ಚಿಟ್ರು. ಕದ್ದದ್ದಲ್ಲ ಅದು, ತಡದದ್ದು.” ದಾದಾಸಾಬ ಕುರ್ಚಿಯ ಕಡೆ ಮುಖ ತಿರುಗಿಸಿದ. ಕಾಣದಿದ್ದರೂ ಸರಿಯಾಗಿ ಆ ಕಡೆಗೇ. “ರಾವಸಾಹೇಬ, ಮುಂದಿಂದು ನಾ ಹೇಳಲೋ, ನೀ ಹೇಳತಿಯೋ?”

ರಾವಸಾಹೇಬ ಎದ್ದ. ಎಮ್ಮೆಗೆ ಮೇವು ಹಾಕುವ ದಾಣಿಯ ಹತ್ತಿರ ಹೋಗಿ, ಕಬ್ಬಿನ ಸೋಗೆ ಸರಿಸಿ, ಗೋಣಿಚೀಲ ಎಳೆದು ತಂದ. ಹೊರಲಿಕ್ಕೆ ಆಗಲಿಲ್ಲ, ಎಳೆದೇ ತಂದ. ಅದನ್ನು ಸೊಸೆಯ ಮುಂದೆ ಇಟ್ಟ.

“ನೀ ಹೇಳಿ ಹೋಗಿದ್ದಿ, ಯಾರನ್ನೂ ಹತ್ತಗೊಡಬ್ಯಾಡ್ರಿ ಅಂತ,” ಎಂದ. “ಅಕ್ಕ ಬಂದಳು, ಬೀಗರು ಬಂದ್ರು. ಮನಿ ನೋಡಿ ಎಲ್ಲಾರೂ ಹೊಗಳಾಕತ್ತಿದ್ರು. ಇಳೀರಿ ಅನ್ನಾಕ ನಾಲಿಗಿ ಏಳಲಿಲ್ಲ ಮಗಳ. ನಾನೂ ನಡುವ ಹೋಗಿ ನಿಂತೆ.”

“ಮಾವಾರ, ಹೇಳಬೇಕಿಲ್ರಿ?”

“ಹೆಂಗ ಹೇಳಲಿ? ಹೆಣ್ಣಮಗಳು ಮನಿ ಕಟ್ಟಾಕತ್ತಾಳ ಅಂತ ಊರ ನಕ್ಕಾಗ, ನನ್ನ ಸೊಸಿ ಕೆಲಸ ನೋಡ ಬರ್ರಿ ಅಂತ ಮೀಸಿ ತಿರುವಿದಾಂವ ನಾನು. ನೀ ಎಲ್ಲಾ ಕೆಲಸ ನೀನ ಮಾಡಿದಿ. ನನಗ ಕೊಟ್ಟಿದ್ದು ಒಂದ. ಅದನ್ನ ಕೆಡಿಸಿದೆ. ಒಂದೊಂದ ದಿನ ತಡೀತಾ ಹೋದ್ರ ಹೇಳೂ ಧೈರ್ಯ ಬಂದೀತು ಅನಕೊಂಡೆ.” ಅವನ ದನಿ ಇಳಿಯಿತು. “ಮಾಳೇಶನ ಮ್ಯಾಲ ಬರತೈತಿ ಅಂತ ಗೊತ್ತಿರಲಿಲ್ಲ. ಮುಂಜಾನಿಯಿಂದ ಅನ್ನ ಇಳಿದಿಲ್ಲ.”

ಗೌರಾಬಾಯಿ ಸೆರಗು ಬಾಯಿಗೆ ಹಿಡಿದಿದ್ದಳು. ರೂಪಾಲಿ ಚೀಲದ ಪಕ್ಕ ನೆಲದಲ್ಲಿ ಕುಕ್ಕರುಗಾಲಲ್ಲಿ ಕೂತು ಮಾವನ ಪಾದ ನೋಡುತ್ತಿದ್ದಳು. ಸಿಟ್ಟು ಬಂದಿತ್ತೋ ಅಳು ಬಂದಿತ್ತೋ, ಅದು ನನಗೆ ಹೇಳಲಿಕ್ಕೆ ಬರುವುದಿಲ್ಲ. ಕೊನೆಗೆ ಎದ್ದು ಮೊದಲು ಮಾಡಿದ ಕೆಲಸ, ಮೊಬೈಲು ತೆಗೆದು ಕೊಕಟನೂರಿಗೆ ಫೋನ್. “ಮಾಳೇಶಣ್ಣ, ನಾ ರೂಪಾಲಿ. ತಪ್ಪು ನಂದೈತಿ. ನೋಡದ ಮಾತ ಆಡಿದೆ. ನಾಳಿ ಬರ್ರಿ.” ಆ ಕಡೆಯಿಂದ ಮತ್ತೆ ಅದೇ “ಆಗಲಿರಿ” ಬಂದಿರಬೇಕು. ಅವಳು ಕಣ್ಣು ಒರೆಸಿಕೊಂಡಳು. ಆಮೇಲೆ ಮಾವನ ಕೈ ಹಿಡಿದು, “ನಡ್ರಿ, ಊಟಾ ಮಾಡ್ರಿ. ಅತಿಥಿಗಳು ಬರೂ ಹೊತ್ತಿನ್ಯಾಗ ನಿಮ್ಮನ್ನ ಒಬ್ಬರನ್ನ ಕೂಡಿಸಿ ಹೋಗಿದ್ದು ನಂದೂ ತಪ್ಪ,” ಎಂದಳು.

ಮರುದಿನ ಮಾಳೇಶ ಬಂದ. ಎಲ್ಲವ್ವನ ಅರಿಶಿನ ಭಂಡಾರ ತಂದಿದ್ದ. ಏನೂ ಕೇಳದೆ ಆರೂ ಕಂಬಗಳಿಗೆ ಹಚ್ಚಿದ. ಎಂಜಿನಿಯರ್ ಜಿನೇಂದ್ರ ಬಂದು ಗೋಡೆಯ ಹತ್ತಿರ ತುಸು ಕೆತ್ತಿಸಿ ನೋಡಿದ. ಸಳಿ ತಳದಲ್ಲಿಯೇ ಇದ್ದವು. ಪೂರ್ತಿ ಒಡೆಯಬೇಕೇನೋ ಎಂದು ಎಲ್ಲರೂ ಅವನ ಬಾಯಿ ನೋಡುತ್ತ ನಿಂತರು. ಅವನು ಬಹಳ ಹೊತ್ತು ಲೆಕ್ಕ ಹಾಕಿ, ಹೊರ ಅಂಚಿನ ಕೆಳಗೆ ಒಂದು ತೊಲೆ, ಅದರ ಕೆಳಗೆ ಎರಡು ಕಾಯಂ ಕಂಬ ಎಬ್ಬಿಸಿದರೆ ಗ್ಯಾಲರಿ ಉಳಿಯುತ್ತದೆ ಎಂದ.

“ಎರಡೂ ಕಡೆ ಆಸರ ಸಿಕ್ರ ಭಾರ ತಳಕ್ಕ ಎಳೀತೈತಿ,” ಎಂದು ದಾದಾಸಾಬ ರಾವಸಾಹೇಬನ ಕಿವಿಯಲ್ಲಿ ಹೇಳಿದ. “ನೀ ಇಳಿಸಿದ ಸಳಿ ಈಗ ಇರಬೇಕಾದ ಜಾಗದಾಗನ ಅದಾವ, ಮಾರಾಯಾ.” ರಾವಸಾಹೇಬ ನಗಲಿಲ್ಲ. ಆದರೆ ಅವತ್ತು ಸಂಜೆ ಬೇವಿನ ಕಟ್ಟೆಗೆ ಬಂದ.

ತೊಲೆಗೆ ಕಾಂಕ್ರೀಟು ಹಾಕುವ ದಿನ ರೂಪಾಲಿಗೆ ಜಲ್ಲಿಯ ಗಾಡಿ ಎದುರುಗೊಳ್ಳಲಿಕ್ಕೆ ಹೋಗುವುದಿತ್ತು. ಅಲ್ಲಿ ನಾನಿದ್ದೆ, ದಾದಾಸಾಬನಿದ್ದ, ಮಾಳೇಶನಿದ್ದ. ಅವಳು ನಮ್ಮನ್ನೆಲ್ಲ ದಾಟಿ ಮಾವನ ಕುರ್ಚಿಯ ಹತ್ತಿರ ಹೋದಳು.

“ಮಾವಾರ, ಕಾಯೂದು ನಿಮ್ಮ ಕೆಲಸ. ಯಾರನ್ನೂ ಬಿಡಬ್ಯಾಡ್ರಿ.”

ಅವನು ಕುರ್ಚಿಯಲ್ಲಿ ನೆಟ್ಟಗಾದ. ಅವಳು ಹೋಗಿ ಹತ್ತು ನಿಮಿಷವಾಗಿರಲಿಲ್ಲ, ಗೌರಾಬಾಯಿ ಹೊಸ ಸೀರೆಯುಟ್ಟು, ಕಾಲುಂಗುರ ತಿಕ್ಕಿ ಹೊಳೆಸಿಕೊಂಡು, ಆರತಿಯ ತಾಟು ಹಿಡಿದು ಬಂದಳು. ಹಿಂದೆಯೇ ರಾವಸಾಹೇಬನ ಅಕ್ಕ, ಮೊಬೈಲು ಕೈಯಲ್ಲಿ.

ರಾವಸಾಹೇಬ ಕೋಲನ್ನು ಅಡ್ಡ ಹಿಡಿದ.

“ಪೂಜಿ ಇಲ್ಲಿಂದನ ಮಾಡ್ರಿ.”

“ನಾ ನಿಮ್ಮ ಹೇಣತಿ ಅದೀನ್ರಿ,” ಎಂದಳು ಗೌರಾಬಾಯಿ.

“ಗೊತ್ತೈತಿ. ಇಪ್ಪತ್ತೊಂದ ದಿನ ಬಿಟ್ಟು ಬಾ. ಆ ಕಾಲುಂಗುರದ ಫೋಟೊ ನಾನ ತಗೀತೀನಿ.”